ವಿಡಿಯೊ ಮಂಜಾಗುತ್ತಿದೆಯೇ? ಮೊದಲು ಐರಿಸ್ ತೆರೆಯಿರಿ

ಬಾಗಲಕೋಟೆಯ ಮದುವೆಯೊಂದರಲ್ಲಿ ಮಧ್ಯಾಹ್ನ ಅಕ್ಷತೆ ಬೀಳುವಾಗ ಕನ್ನಡಿಯಂತಿದ್ದ ಚಿತ್ರ, ಸಂಜೆಯ ಆರತಕ್ಷತೆಯಲ್ಲಿ ಕೆಟ್ಟಿತು. ವಧುವಿನ ಮುಖಕ್ಕೆ ಝೂಮ್ ಮಾಡಿದರೆ ಸ್ಪಷ್ಟ. ಇಡೀ ವೇದಿಕೆ ತೋರಿಸಲು ಹಿಂದೆ ಸರಿದರೆ ಎಲ್ಲರೂ ಹೊಗೆಯೊಳಗೆ ನಿಂತಂತೆ. ‘ಲೆನ್ಸ್ ಹೋಗಿದೆ’ ಎಂದು ವಿಡಿಯೊದವನು ಮರುದಿನವೇ ಬೆಂಗಳೂರಿನ ಬಸ್ ಹತ್ತಿದ. ಲೆನ್ಸಿಗೆ ಏನೂ ಆಗಿರಲಿಲ್ಲ. ಅದರ ಹಿಂಬದಿಯ ಉಂಗುರವೊಂದು ಕೂದಲೆಳೆಯಷ್ಟು ಸರಿದಿತ್ತು.

ಮೊದಲು ಗುಂಡಿಗಳನ್ನು ನೋಡಿ. ಫೋಕಸ್ ಮ್ಯಾನ್ಯುಯಲ್‌ನಲ್ಲಿದೆಯೇ, ಝೂಮ್ ಸ್ವಿಚ್ ಸರ್ವೋದಿಂದ (ಮೋಟಾರಿನಿಂದ ಝೂಮ್ ಆಗುವ ಸ್ಥಾನ) ಜಾರಿದೆಯೇ, ಡಿಜಿಟಲ್ ಝೂಮ್ ಚಾಲೂ ಇದೆಯೇ? ಡಿಜಿಟಲ್ ಝೂಮ್ ಬಂದ್ ಮಾಡಿ, ಮತ್ತೆ ಮುಟ್ಟಬೇಡಿ. ಲೆನ್ಸಿನ ಮುಂದೆ ನೋಟ ಅಗಲಿಸುವ ಅಗ್ಗದ ಗಾಜು, ಅಂದರೆ ವೈಡ್ ಕನ್ವರ್ಟರ್ ತಿರುಗಿಸಿ ಕೂರಿಸಿದ್ದರೆ ಬಿಚ್ಚಿ ಪರೀಕ್ಷಿಸಿ. ಅಂಥವು ಹಲವು ಪೂರ್ತಿ ಝೂಮ್‌ನಲ್ಲಿ ಫೋಕಸ್ ಆಗುವುದೇ ಇಲ್ಲ. ಸ್ಟಿಲ್ ಕ್ಯಾಮೆರಾದ ಲೆನ್ಸ್‌ನಲ್ಲಿ ವಿಡಿಯೊ ತೆಗೆಯುವವರು ಗಾಬರಿಯಾಗಬೇಕಿಲ್ಲ: ಝೂಮ್ ಬದಲಿಸಿದಾಗ ಫೋಕಸ್ ಸರಿಯುವುದು ಅವುಗಳಲ್ಲಿ ಬಹುಪಾಲಿನ ಗುಣ, ದೋಷವಲ್ಲ.

ಎರಡನೆಯದು ಧೂಳು. ಸವದತ್ತಿ ಎಲ್ಲಮ್ಮನ ಗುಡ್ಡದ ಜಾತ್ರೆಯಿಂದ ಬಂದ ಕ್ಯಾಮೆರಾ ನೋಡಿದರೆ ಉಂಗುರದ ಸಂದಿಯಲ್ಲೆಲ್ಲ ಭಂಡಾರ. ರಬ್ಬರ್ ಬ್ಲೋವರ್‌ನಿಂದ ಊದಿ, ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ. ಬಾಯಿಂದ ಊದಿದರೆ ಉಗುಳು ಸೇರಿ ಅರಿಶಿನ ಗಾಜಿಗೆ ಮೆತ್ತಿಕೊಳ್ಳುತ್ತದೆ. ಉಂಗುರ ಬಿಗಿಯೆಂದು ಹೊಲಿಗೆ ಯಂತ್ರದ ಎಣ್ಣೆ ಬಿಡುವ ಮಹಾನುಭಾವರೂ ಇದ್ದಾರೆ. ಆ ಎಣ್ಣೆ ಒಳಗೆ ಹರಿದು ಐರಿಸ್‌ನ (ಲೆನ್ಸಿನೊಳಗೆ ಬೆಳಕು ಬಿಡುವ, ಹಿಗ್ಗಿ ಕುಗ್ಗುವ ಕಂಡಿ) ಎಲೆಗಳಿಗೆ ಅಂಟಿದರೆ ನಿಜವಾಗಿಯೂ ಬೆಂಗಳೂರಿನ ಬಸ್ ಹತ್ತಬೇಕಾಗುತ್ತದೆ.

ಇನ್ನು ಎಲ್ಲರೂ ಎಡವುವ ಜಾಗ: ಬ್ಯಾಕ್ ಫೋಕಸ್, ಅಂದರೆ ಲೆನ್ಸ್ ಹಿಂಬದಿಯ ಆ ಉಂಗುರದ ಹೊಂದಿಕೆ. ಲೆನ್ಸ್ ಬಿಚ್ಚಬಹುದಾದ ಭುಜದ ಕ್ಯಾಮೆರಾಗಳಿಗೆ ಇದು ಅನ್ವಯ. ಝೂಮ್‌ನಲ್ಲಿ ಸ್ಪಷ್ಟ, ವೈಡ್‌ನಲ್ಲಿ ಮಂಜು ಎಂದಾದರೆ ಮೊದಲ ಅನುಮಾನ ಇದರ ಮೇಲೆಯೇ ಇರಲಿ. ಸುಮಾರು 3 ಮೀಟರ್ ದೂರದ ಗೋಡೆಗೆ ಸ್ಟಾರ್ ಚಾರ್ಟ್ (ನಡುವಿನಿಂದ ಹರಡುವ ಕಪ್ಪು-ಬಿಳಿ ಪಟ್ಟಿಗಳ ಹಾಳೆ) ಅಂಟಿಸಿ. ಇಲ್ಲದಿದ್ದರೆ ಸಣ್ಣಕ್ಷರದ ಜಾಹೀರಾತಿರುವ ಪತ್ರಿಕೆಯ ಪುಟ ಸಾಕು. ಕ್ಯಾಮೆರಾ ಟ್ರೈಪಾಡ್ ಮೇಲೇ ಇರಬೇಕು. ಐರಿಸ್ ಅನ್ನು ಕೈಯಿಂದ ಪೂರ್ತಿ ತೆರೆಯಿರಿ. ಬೆಳಕು ಹೆಚ್ಚಾದರೆ ಅದನ್ನು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ ಅಥವಾ ಸಂಜೆಯವರೆಗೆ ಕಾಯಿರಿ, ಐರಿಸ್ ಮಾತ್ರ ಮುಚ್ಚಬೇಡಿ. ನಮ್ಮವರು ಅಂಗಡಿಯ ಮುಂದೆ ಸುಡುಬಿಸಿಲಿನಲ್ಲಿ, ಆಟೋ ಐರಿಸ್‌ನಲ್ಲಿ ಈ ಕೆಲಸ ಮಾಡುತ್ತಾರೆ. ಐರಿಸ್ ಕಿರಿದಾದಷ್ಟೂ ಹತ್ತಿರದ್ದು, ದೂರದ್ದು ಎಲ್ಲವೂ ಸ್ಪಷ್ಟವಾಗಿ ಕಂಡು ತಪ್ಪು ಮುಚ್ಚಿಹೋಗುತ್ತದೆ. ಮಧ್ಯಾಹ್ನದ ಅಕ್ಷತೆ ಚೆನ್ನಾಗಿ ಬಂದದ್ದೂ ಇದರಿಂದಲೇ.

ಈಗ ಪೂರ್ತಿ ಝೂಮ್ ಮಾಡಿ ಮುಂದಿನ ಫೋಕಸ್ ಉಂಗುರದಿಂದ ಚಾರ್ಟ್ ಸ್ಪಷ್ಟಗೊಳಿಸಿ. ಆಮೇಲೆ ಪೂರ್ತಿ ವೈಡ್‌ಗೆ ಬನ್ನಿ. ಫೋಕಸ್ ಉಂಗುರವನ್ನು ಮುಟ್ಟದೆ, ಹಿಂದೆ ‘ಎಫ್.ಎಫ್’ ಅಥವಾ ‘ಎಫ್.ಬಿ’ ಎಂದು ಬರೆದ ಉಂಗುರದ ತಿರುಪು ಸಡಿಲಿಸಿ, ಅದನ್ನಷ್ಟೇ ಹೊರಳಿಸಿ ಸ್ಪಷ್ಟಗೊಳಿಸಿ. ಅಲ್ಲಿಯೇ ತೀರಾ ಹತ್ತಿರದ್ದನ್ನು ತೆಗೆಯುವ ಮ್ಯಾಕ್ರೊ ಉಂಗುರವೂ ಇರುತ್ತದೆ, ಅದಕ್ಕೆ ಕೈ ಹಾಕಬೇಡಿ. ಮತ್ತೆ ಝೂಮ್, ಮತ್ತೆ ಫೋಕಸ್, ಮತ್ತೆ ವೈಡ್. ಒಂದೇ ಸುತ್ತಿಗೆ ‘ಆಯಿತು’ ಎನ್ನುವವರೇ ಹೆಚ್ಚು. ಎರಡೂ ತುದಿ ಸ್ಪಷ್ಟವಾಗುವವರೆಗೆ ಮೂರು ನಾಲ್ಕು ಸುತ್ತು ಬೇಕು. ತಿರುಪು ಬಿಗಿಮಾಡಿದ ಮೇಲೆ ಇನ್ನೊಮ್ಮೆ ನೋಡಿ, ಬಿಗಿಮಾಡುವಾಗಲೇ ಉಂಗುರ ಜರುಗುವುದುಂಟು. ಕೆಲವು ಕ್ಯಾಮೆರಾಗಳ ಮೆನುವಿನಲ್ಲಿ ಇದಕ್ಕೆ ಆಟೋ ವ್ಯವಸ್ಥೆ ಇದೆ. ನನಗೆ ಕಣ್ಣಿನ ಮೇಲೆಯೇ ಹೆಚ್ಚು ನಂಬಿಕೆ.

ಹ್ಯಾಂಡಿಕ್ಯಾಮ್‌ನವರಿಗೆ ಈ ಉಂಗುರವಿಲ್ಲ. ಪೂರ್ತಿ ಝೂಮ್ ಇಟ್ಟು ಬಳೆಯನ್ನು ಒಂದು ಗೇಣು ದೂರದಿಂದ ತೆಗೆಯಲು ಹೋಗಬೇಡಿ. ಸೋನಿಯ ಹಲವು ಹ್ಯಾಂಡಿಕ್ಯಾಮ್‌ಗಳಿಗೆ ಝೂಮ್‌ನಲ್ಲಿ ಸುಮಾರು 80 ಸೆಂಟಿಮೀಟರ್ ಅಂತರ ಬೇಕು, ವೈಡ್‌ನಲ್ಲಿ ಸುಮಾರು 1 ಸೆಂಟಿಮೀಟರ್ ಸಾಕು. ಅವುಗಳ ಪರದೆಯಲ್ಲಿ ‘ಇ:61:00’ ಮಿನುಗಿದರೆ ಫೋಕಸ್ ಭಾಗ, ‘ಇ:61:10’ ಎಂದರೆ ಝೂಮ್ ಭಾಗ ಕೈಕೊಟ್ಟಿದೆ. ಬ್ಯಾಟರಿ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿ. ಆಗಲೂ ಬಂದರೆ ಅಂಗೈಯಿಂದ ಬಡಿಯದೆ, ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಕ್ಯಾಮೆರಾ ಜೊತೆಗೇ ರಿಪೇರಿಯವರಿಗೆ ಕೊಡಿ.