ನಾಲ್ಕು ಜನರ ಮಧ್ಯೆ ಮುದುಡಿಕೊಳ್ಳುವವರಿಗೆ

ಮದುವೆ ಮನೆಗೆ ಕಾಲಿಟ್ಟ ತಕ್ಷಣ ಎಲ್ಲರೂ ನಮ್ಮನ್ನೇ ನೋಡ್ತಿದ್ದಾರೆ ಅನ್ನಿಸಿದರೆ ಮೂಲೆಯ ಕುರ್ಚಿ ಹುಡುಕಬೇಡಿ. ಸೀದಾ ಊಟದ ಪಂಕ್ತಿಗೆ ಹೋಗಿ, ನೀರಿನ ಜಗ್ಗು ಕೈಗೆ ತಗೊಂಡು ಬಡಿಸೋಕೆ ನಿಲ್ಲಿ. ಆಗ ನಿಮ್ಮ ಗಮನ ನಿಮ್ಮ ಮೇಲಿಂದ ಎದುರಿಗಿರುವವರ ಕಡೆಗೆ ತಿರುಗುತ್ತದೆ.

ನಮ್ಮ ತುಮಕೂರಿನವರಿಗೆ ಇದನ್ನು ಕಲಿಯೋಕೆ ಸಿದ್ಧಗಂಗಾ ಮಠಕ್ಕಿಂತ ಒಳ್ಳೇ ಜಾಗ ಇಲ್ಲ. 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿ ಬೆಳೆಸಿದ ದಾಸೋಹ ಅದು. ಇವತ್ತಿಗೂ ದಿನಾ ಸಾವಿರಾರು ಮಕ್ಕಳು ಉಣ್ಣುತ್ತಾರೆ. ಯಾರ ಎದುರೂ ತಲೆ ಎತ್ತದ ನನ್ನ ನಾದಿನಿ ಮಗಳನ್ನು ಶಿವರಾತ್ರಿ ಜಾತ್ರೆಯಲ್ಲಿ ಅಲ್ಲಿಗೆ ಕರೆದುಕೊಂಡು ಹೋಗಿ ಸಾರಿನ ಬಕೆಟ್ಟು ಹಿಡಿಸಿದೆ. ‘ನಿನ್ನ ಕೈ ನೋಡ್ಕೋಬೇಡ, ಅವರ ಎಲೆ ನೋಡು’ ಅಂತ ಅಷ್ಟೇ ಹೇಳಿದ್ದು. ಒಬ್ಬ ತಾತ ಅನ್ನದಲ್ಲಿ ಗುಳಿ ಮಾಡಿಕೊಂಡು ಕಾಯ್ತಿದ್ದರು, ಬೆರಳು ನಡುಗುತ್ತಿತ್ತು. ಇವಳು ಬಗ್ಗಿ, ಸೌಟು ತಗ್ಗಿಸಿ ನಿಧಾನಕ್ಕೆ ಬಿಟ್ಟು, ‘ಇನ್ನೊಂಚೂರು ಬಿಡ್ಲಾ ತಾತ?’ ಅಂದಳು. ಹೊಸಬರ ಹತ್ತಿರ ಅವಳಾಗೇ ಬಾಯಿ ಬಿಟ್ಟಿದ್ದನ್ನು ನಾನು ಕಂಡಿದ್ದು ಆವತ್ತೇ.

ಹೊರಡುವ ಮುಂಚೆ ದೇವರಿಗೆ ಕೈ ಮುಗಿಯಿರಿ. ಆದರೆ ‘ನನ್ನ ಮರ್ಯಾದೆ ಕಾಪಾಡಪ್ಪ’ ಅಂತ ಕೇಳಬೇಡಿ. ಆಗ ಮನಸ್ಸು ಮತ್ತೆ ನಿಮ್ಮನ್ನೇ ಸುತ್ತುತ್ತದೆ. ನಾನು ಇಷ್ಟಲಿಂಗ ಪೂಜೆ ಮುಗಿಸಿ, ‘ಇವತ್ತು ಎದುರಿಗೆ ಬರೋರ ಕಷ್ಟ ನನ್ನ ಕಣ್ಣಿಗೆ ಬೀಳಲಿ, ಶಿವನೇ’ ಅಂತ ಬೇಡಿಕೊಳ್ಳುತ್ತೇನೆ. ನೀವು ಯಾವ ದೇವರನ್ನು ನಂಬಿದರೂ ಹೀಗೆ ಕೇಳಿಕೊಳ್ಳಬಹುದು.

ಮಾತು ಹೊಳೆಯದಿದ್ದರೆ ಪಕ್ಕದವರು ಎಲ್ಲಿಂದ ಬಂದರು, ಬಸ್ಸಲ್ಲಿ ಸೀಟು ಸಿಕ್ತಾ ಅಂತ ಕೇಳಿ. ತಿಪಟೂರಿನ ಕಡೆಯವರಾದರೆ ಕೊಬ್ಬರಿ ರೇಟು ವಿಚಾರಿಸಿ, ಮಿಕ್ಕಿದ್ದನ್ನು ಅವರೇ ಮಾತಾಡ್ತಾರೆ. ಹೇಳಿದ್ದನ್ನು ನೆನಪಿಟ್ಟುಕೊಳ್ಳಿ, ಇದು ಮುಖ್ಯ. ಮುಂದಿನ ಸಲ ಸಿಕ್ಕಾಗ ‘ಮಂಡಿ ನೋವು ಹೇಗಿದೆ ದೊಡ್ಡಮ್ಮ?’ ಅಂದರೆ ಅವರ ಮುಖ ನೋಡಬೇಕು ನೀವು!

ಜನ ನಮ್ಮನ್ನು ನಾವು ಅಂದುಕೊಂಡಷ್ಟು ಗಮನಿಸೋದೂ ಇಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗೆ ಮುಜುಗರ ಆಗುವಂಥ ಟೀ ಶರ್ಟ್ ತೊಡಿಸಿ, ಜನರಿದ್ದ ಕೋಣೆಗೆ ಕಳಿಸಿ ನೋಡಿದ್ದರು. 2000ದಲ್ಲಿ ಅದು ಪ್ರಕಟವಾಯಿತು. ಹೆಚ್ಚುಕಡಿಮೆ ಅರ್ಧದಷ್ಟು ಜನ ನೋಡಿರ್ತಾರೆ ಅಂತ ತೊಟ್ಟವರು ಎಣಿಸಿದ್ದರು. ನಿಜವಾಗಿ ಗಮನಿಸಿದ್ದು ಕಾಲು ಭಾಗದಷ್ಟು ಜನ.

ಎದೆ ಹೊಡೆದುಕೊಂಡು ಕಾಲೇಜು, ಕೆಲಸ ಬಿಡುವ ಮಟ್ಟಕ್ಕೆ ಬಂದಿದ್ದರೆ ಪೂಜೆ ಜೊತೆಗೆ ಡಾಕ್ಟರನ್ನೂ ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416 ಒತ್ತಿದರೆ ದುಡ್ಡಿಲ್ಲದೆ ಮಾತಾಡಬಹುದು, ಕನ್ನಡದಲ್ಲೇ. ಮಾತ್ರೆ ತಗೊಂಡರೆ ಭಕ್ತಿ ಕಮ್ಮಿ ಅಂತ ಅರ್ಥ ಅನ್ನುವವರ ಮಾತನ್ನು ಕಿವಿಗೆ ಹಾಕ್ಕೋಬೇಡಿ.