ದಿನಕ್ಕೊಂದು ಮಡಿ: ಕುದುರೆ ಮೆಂತ್ಯ ಬೆಳೆದ ನನ್ನ ಅನುಭವ

ನಮ್ಮ ಹೊಲದಲ್ಲಿ 15 ಗುಂಟೆ ಕುದುರೆ ಮೆಂತ್ಯ ಇದೆ, ಹಸುವಿಗೆ ಹಾಕುವ ಹಸಿರು ಮೇವಿನ ಬೆಳೆ. ಅದನ್ನು 30 ಮಡಿ ಮಾಡಿಕೊಂಡಿದ್ದೇನೆ. ದಿನಕ್ಕೊಂದು ಮಡಿ ಕೊಯ್ಯುತ್ತೇನೆ. ಮೂವತ್ತನೇ ಮಡಿಗೆ ಕುಡುಗೋಲು ಹಾಕುವ ಹೊತ್ತಿಗೆ ಮೊದಲನೇ ಮಡಿ ಮತ್ತೆ ಮೊಣಕಾಲೆತ್ತರ ಬಂದು, ಅಲ್ಲೊಂದು ಇಲ್ಲೊಂದು ನೇರಳೆ ಹೂವು ಬಿಟ್ಟಿರುತ್ತದೆ. ಒಂದು ಸಲ ಬಿತ್ತಿದ್ದು ಮೂರು ವರ್ಷದ ಮೇಲೆ ಹೀಗೇ ಕೊಟ್ಟಿತು. ಈಗ ನಡೆಯುತ್ತಿರುವುದು ಎರಡನೇ ತಾಕು. ಇದರ ಬಗ್ಗೆ ಯಾರು ಬಂದು ಕೇಳಿದರೂ ಬದುವಿನ ಮೇಲೆ ನಿಲ್ಲಿಸಿಕೊಂಡು ಅರ್ಧ ಗಂಟೆ ಹೇಳುತ್ತೇನೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ನಮ್ಮದು ಕೋಲಾರ ಜಿಲ್ಲೆ, ಮುಳಬಾಗಿಲು ಕಡೆ. ಕೆಂಪು ಮಣ್ಣು. ನಾಲೆ ನೀರಿಲ್ಲ, ಇರುವುದು ಬೋರ್‌ವೆಲ್ ಒಂದೇ. ರಾಗಿ, ಟೊಮೆಟೊ, ನಾಲ್ಕು ಸೀಮೆ ಹಸು, ಇಷ್ಟರಲ್ಲೇ ಮನೆ ನಡೆಯಬೇಕು. ಟೊಮೆಟೊ ರೇಟು ಯಾವತ್ತು ಹೇಗಿರುತ್ತೆ ಅಂತ ಯಾರಿಗೂ ಗೊತ್ತಾಗಲ್ಲ. ತಪ್ಪದೆ ಕೈಗೆ ಕಾಸು ಬರುವುದು ಡೇರಿಯಿಂದ ಮಾತ್ರ. ಆ ಕಾಸಿನಲ್ಲೂ ಅರ್ಧದಷ್ಟು ಫೀಡು, ಬೂಸಾ, ಹಿಂಡಿ ಅಂತ ವಾಪಸ್ ಹೋಗುತ್ತಿತ್ತು.

ಹಸಿರು ಮೇವು ಇರಲಿಲ್ಲ ಅಂತಲ್ಲ. ನೇಪಿಯರ್ ಇತ್ತು, ಮೆಕ್ಕೆಜೋಳದ ಕಡ್ಡಿ ಇತ್ತು. ಹಸುವಿಗೆ ಹೊಟ್ಟೆ ತುಂಬುತ್ತಿತ್ತು. ಆದರೆ ಹುಲ್ಲು ಜಾತಿಯ ಮೇವಿನಲ್ಲಿ ಪ್ರೋಟೀನ್ ಕಡಿಮೆ. ಒಣ ತೂಕದಲ್ಲಿ ನೋಡಿದರೆ ನೇಪಿಯರ್‌ನಲ್ಲಿ ನೂರಕ್ಕೆ 8ರಿಂದ 10 ಭಾಗ, ಕುದುರೆ ಮೆಂತ್ಯದಲ್ಲಿ 18ರಿಂದ 22 ಭಾಗ ಇರುತ್ತದೆ. ಕ್ಯಾಲ್ಸಿಯಂ ಕೂಡ ಜಾಸ್ತಿ. ಒಂದು ದಿನ ಹಸು ನೋಡಲು ಬಂದ ಡಾಕ್ಟರ್ ಗೋದಲಿ ನೋಡಿ, "ಬರೀ ಹುಲ್ಲೇ ಹಾಕ್ತಿದ್ದೀರಲ್ಲ, ಜೊತೆಗೆ ಒಂದಿಷ್ಟು ಲೂಸರ್ನ್ ಬೆಳೆದುಕೊಳ್ಳಿ" ಅಂದರು. ಶುರುವಾಗಿದ್ದು ಅಲ್ಲಿಂದ.

ಹೆಸರಿನ ಗೊಂದಲ ಬೇಡ. ಕುದುರೆ ಮೆಂತ್ಯ, ಕುದುರೆ ಮಸಾಲೆ, ಲೂಸರ್ನ್ ಎಲ್ಲವೂ ಒಂದೇ. ಅಮೆರಿಕದ ಕಡೆ ಇದನ್ನೇ ಅಲ್ಫಾಲ್ಫಾ ಅನ್ನುತ್ತಾರೆ. ಎಲೆ ಮೆಂತ್ಯದ ಹಾಗೇ ಮೂರು ಮೂರು. ಇರಾನ್, ಮಧ್ಯ ಏಷ್ಯಾ ಕಡೆ ಬಹಳ ಹಿಂದಿನಿಂದ ಕುದುರೆಗೆ ಬೆಳೆಯುತ್ತಿದ್ದ ಸೊಪ್ಪು ಇದು.

ಮೊದಲ ಸಲ ನಾನು ಸೋತೆ. 2019ರ ಅಕ್ಟೋಬರ್‌ನಲ್ಲಿ ಕೆರೆ ಕಡೆಯ ಕೆಳಗಿನ ತಾಕಿನಲ್ಲಿ ಐದು ಗುಂಟೆಗೆ ಹಾಕಿದೆ. ನೀರು ಹತ್ತಿರ ಅಂತ ಆ ಜಾಗ ಆರಿಸಿದ್ದೆ. ಬೀಜ ಒಂದು ಅಂಗಡಿಯಲ್ಲಿ ಬಿಡಿಯಾಗಿ ತೂಕ ಹಾಕಿಸಿಕೊಂಡು ತಂದಿದ್ದು. ಮೊಳಕೆ ಚೆನ್ನಾಗೇ ಬಂತು. ಎರಡು ತಿಂಗಳಾದ ಮೇಲೆ ಒಂದು ಮೂಲೆಯಲ್ಲಿ ಗಿಡದ ಮೇಲೆ ಹಳದಿ ದಾರ ಚೆಲ್ಲಿದ ಹಾಗೆ ಕಾಣಿಸಿತು. ಏನೋ ಬಳ್ಳಿ ಅಂತ ಸುಮ್ನೆ ಬಿಟ್ಟೆ. ಹದಿನೈದು ದಿನಕ್ಕೆ ಅದು ಮಂಚದಗಲ ಹಬ್ಬಿತ್ತು. ಎಳೆದು ನೋಡಿದರೆ ಬೇರಿಲ್ಲ, ಎಲೆಯಿಲ್ಲ. ಕಾಂಡಕ್ಕೆ ಸುತ್ತಿಕೊಂಡು ಅದರ ರಸವನ್ನೇ ಹೀರುತ್ತಿತ್ತು. ಅದೇ ಅಮರಬಳ್ಳಿ, ಕಸ್ಕ್ಯೂಟಾ ಅನ್ನುತ್ತಾರೆ. ಇದರ ಬೀಜವೂ ಸಣ್ಣದು, ಕುದುರೆ ಮೆಂತ್ಯದ ಬೀಜದಲ್ಲಿ ಬೆರೆತುಬಿಟ್ಟರೆ ಕಣ್ಣಿಗೆ ಗೊತ್ತೇ ಆಗಲ್ಲ. ಉಳಿದ ಗಿಡ ಮಳೆಗಾಲದಲ್ಲಿ ಹೋಯಿತು. ಎರಡು ಜೋರು ಮಳೆಗೆ ತಾಕಿನಲ್ಲಿ ಮೂರು ದಿನ ನೀರು ನಿಂತಿತು. ಗಿಡ ಹಳದಿಯಾಗಿ, ಕಿತ್ತರೆ ಕೊಳೆತ ಬೇರು ಕೈಗೆ ಬಂತು.

ಆ ಒಂದು ವರ್ಷ ನನಗೆ ಎರಡು ವಿಷಯ ಕಲಿಸಿತು. ಒಂದು, ಬೀಜ ಚೀಟಿ ಇರುವುದನ್ನೇ ತರಬೇಕು. ದೃಢೀಕೃತ ಬೀಜದ ಚೀಲಕ್ಕೆ ನೀಲಿ ಚೀಟಿ ಹೊಲಿದಿರುತ್ತಾರೆ. ಲೂಸರ್ನ್ ಬೀಜ ದೃಢೀಕರಣದಲ್ಲಿ ಅಮರಬಳ್ಳಿಯನ್ನು ಆಕ್ಷೇಪಾರ್ಹ ಕಳೆ ಅಂತಲೇ ಗುರುತಿಸಿ ಪರೀಕ್ಷೆ ಮಾಡುತ್ತಾರೆ. ಎರಡು, ನೀರು ಹತ್ತಿರ ಇರುವ ಜಾಗ ಅಲ್ಲ, ನೀರು ಬಸಿದು ಹೋಗುವ ಜಾಗ ಬೇಕು.

ಮುಂದಿನ ವರ್ಷ ಮೇಲಿನ ತಾಕು ಆರಿಸಿದೆ. ಮಣ್ಣು ಪರೀಕ್ಷೆಗೆ ಕೊಟ್ಟಾಗ ರಸಸಾರ (ಪಿಎಚ್) 5.9 ಅಂತ ಬಂತು. ಹುಳಿ ಮಣ್ಣು ಇದಕ್ಕೆ ಆಗಲ್ಲ, 6.5ರಿಂದ 7.5 ಇದ್ದರೆ ಒಳ್ಳೆಯದು. ವರದಿಯಲ್ಲಿ ಬರೆದುಕೊಟ್ಟಷ್ಟು ಸುಣ್ಣವನ್ನು ಬಿತ್ತನೆಗೆ ಮುಂಚೆಯೇ ಹಾಕಿ ಉತ್ತೆ. ಎರಡು ಟ್ರಾಕ್ಟರ್ ಕೊಟ್ಟಿಗೆ ಗೊಬ್ಬರ, ಒಂದೂವರೆ ಮೂಟೆ ಸೂಪರ್ ಫಾಸ್ಫೇಟ್, ಸ್ವಲ್ಪ ಪೊಟ್ಯಾಷ್ ಕೊಟ್ಟೆ. ರಂಜಕ, ಅಂದರೆ ಫಾಸ್ಫರಸ್, ಕೊಡಲು ಜಿಪುಣತನ ಮಾಡಬಾರದು. ವರ್ಷಕ್ಕೆ ಹನ್ನೊಂದು ಹನ್ನೆರಡು ಸಲ ಕೊಯ್ಯುವ ಬೆಳೆ ಅದು, ಅಷ್ಟನ್ನೂ ನೆಲದಿಂದಲೇ ತೆಗೆಯಬೇಕಲ್ವಾ? ಈಗಲೂ ಪ್ರತಿ ವರ್ಷ ಒಂದು ಸಲ ಸೂಪರ್ ಹಾಕುತ್ತೇನೆ. ಯೂರಿಯಾ ಮಾತ್ರ ಬಿತ್ತುವಾಗ ಒಂದು ಹಿಡಿ ಬಿಟ್ಟರೆ ಆಮೇಲೆ ಹಾಕೇ ಇಲ್ಲ.

ತಳಿ ಆರ್‌ಎಲ್-88. ಮಹಾರಾಷ್ಟ್ರದ ರಾಹುರಿ ಕೃಷಿ ವಿಶ್ವವಿದ್ಯಾಲಯದ್ದು, ಬಹುವಾರ್ಷಿಕ. ಎಕರೆಗೆ 8ರಿಂದ 10 ಕೆ.ಜಿ. ಬೀಜ ಬೇಕು. ನಾನು 15 ಗುಂಟೆಗೆ ಮೂರೂವರೆ ಕೆ.ಜಿ. ತಂದೆ. ಹಿಂದಿನ ರಾತ್ರಿ ನೆನೆಸಿ, ಬೆಳಗ್ಗೆ ನೀರು ಬಸಿದು, ಬೆಲ್ಲದ ಪಾಕದಲ್ಲಿ ಲೂಸರ್ನ್‌ಗೇ ಅಂತ ಇರುವ ರೈಜೋಬಿಯಂ (ಬೇರಿನಲ್ಲಿ ಗಂಟು ಕಟ್ಟುವ ಸೂಕ್ಷ್ಮಾಣು) ಪುಡಿ ಕಲಸಿ ಬೀಜಕ್ಕೆ ಹಚ್ಚಿ ನೆರಳಲ್ಲಿ ಆರಿಸಿದೆ. ಬೇರೆ ಕಾಳಿನ ರೈಜೋಬಿಯಂ ಇದಕ್ಕೆ ಕೆಲಸ ಮಾಡಲ್ಲ, ಕೇಳಿ ತನ್ನಿ. ಒಂದು ಅಡಿಗೊಂದು ಸಾಲು. ಬೀಜ ಆಳಕ್ಕೆ ಹೋಗಬಾರದು, ಅರ್ಧ ಇಂಚು ಸಾಕು. ನವೆಂಬರ್ ಮೊದಲ ವಾರ ಬಿತ್ತಿದ್ದು. ಮೊದಲ ಒಂದೂವರೆ ತಿಂಗಳು ಗಿಡ ಮೇಲೆ ಏಳುವುದೇ ಇಲ್ಲ, ಕಳೆಯೇ ಮುಂದೆ ಹೋಗುತ್ತದೆ. ನಾನು, ನನ್ನ ಹೆಂಡತಿ ಸೇರಿ ಎರಡು ಸಲ ಕೈಯಲ್ಲೇ ಕಳೆ ತೆಗೆದೆವು. ಬೆಳಗಿನ ಹೊತ್ತು ನವಿಲು ಬಂದು ಮೊಳಕೆ ಕುಕ್ಕುತ್ತಿತ್ತು, ಅದಕ್ಕೂ ಕಾವಲು ಕೂತೆವು.

ನಲವತ್ತೈದನೇ ದಿನ ಒಂದು ಗಿಡ ಮಣ್ಣು ಸಮೇತ ಎಬ್ಬಿಸಿ ಬಕೆಟ್ ನೀರಲ್ಲಿ ಮೆಲ್ಲಗೆ ಅಲ್ಲಾಡಿಸಿದೆ. ಗಿಡ ಗೇಣುದ್ದ, ಬೇರು ಅದಕ್ಕಿಂತ ಉದ್ದ. ಎಳೆ ಬೇರಿನ ಉದ್ದಕ್ಕೂ ಸಾಸಿವೆಗಿಂತ ಸ್ವಲ್ಪ ದೊಡ್ಡ ಗಂಟು. ಕೆಲವು ದುಂಡಗೆ ಇರಲಿಲ್ಲ, ಪುಟ್ಟ ಬೆರಳಿನ ಹಾಗೆ ನೀಳವಾಗಿದ್ದವು. ಒಂದನ್ನು ಉಗುರಲ್ಲಿ ಸೀಳಿದೆ. ಒಳಗೆ ಎಳೆ ಗುಲಾಬಿ ಬಣ್ಣ. ಆ ಬಣ್ಣ ಇದ್ದರೆ ಗಂಟು ಗಾಳಿಯಲ್ಲಿರುವ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತಿದೆ ಅಂತ ಲೆಕ್ಕ. ಬಿಳಿ ಅಥವಾ ಹಸಿರು ಇದ್ದರೆ ಕೆಲಸ ಮಾಡುತ್ತಿಲ್ಲ. ಕೆರೆ ತಾಕಿನ ಗಿಡದಲ್ಲಿ ನಾನು ಇದನ್ನು ನೋಡಿಯೇ ಇರಲಿಲ್ಲ. ಅವತ್ತು ಹೆಂಡತಿಗೂ ಕರೆದು ತೋರಿಸಿದೆ.

ಮೊದಲ ಕೊಯ್ಲು 65 ದಿನಕ್ಕೆ. ಅಲ್ಲಿಂದ ಆಚೆ 25ರಿಂದ 30 ದಿನಕ್ಕೊಂದು. ಕೊಯ್ಯುವಾಗ ನೆಲದಿಂದ ನಾಲ್ಕು ಬೆರಳು ಬಿಡಬೇಕು, ಹೊಸ ಚಿಗುರು ಬುಡದಿಂದಲೇ ಬರುವುದು. ಹೂವು ಶುರುವಾಗುವಾಗ, ಹತ್ತರಲ್ಲಿ ಒಂದು ಕಡ್ಡಿ ಹೂ ಬಿಟ್ಟಾಗ ಕೊಯ್ದರೆ ಸರಿ. ಅದಕ್ಕಿಂತ ಮುಂಚೆ ಆಸೆಪಟ್ಟು ಕೊಯ್ದರೆ ಬೇರಿನಲ್ಲಿ ಕೂಡಿಟ್ಟ ಶಕ್ತಿ ಖಾಲಿಯಾಗಿ ಗಿಡ ಬೇಗ ಸಾಯುತ್ತದೆ. ತಡ ಮಾಡಿದರೆ ಕಡ್ಡಿ ಬಲಿತು, ಎಲೆ ಉದುರುತ್ತದೆ. ಪ್ರೋಟೀನ್ ಜಾಸ್ತಿ ಇರುವುದು ಎಲೆಯಲ್ಲೇ. ಮೂವತ್ತು ಮಡಿಯ ಲೆಕ್ಕ ನಾನು ಹಾಕಿಕೊಂಡಿದ್ದು ಇದಕ್ಕೇ. ಒಂದು ಮಡಿ ಸುಮಾರು 500 ಚದರ ಅಡಿ. ಚಳಿಗಾಲದಲ್ಲಿ ಒಂದು ಮಡಿಗೆ 30ರಿಂದ 35 ಕೆ.ಜಿ. ಸೊಪ್ಪು ಬರುತ್ತದೆ. ಕೊಯ್ದ ಮಡಿಗೆ ಒಂದೆರಡು ದಿನ ಬಿಟ್ಟು ನೀರು, ಆಮೇಲೆ ಹತ್ತು ದಿನಕ್ಕೊಂದು ಸಲ.

ಈಗ ನಮ್ಮ ಹಸು ಗೌರಿಯ ವಿಷಯ ಹೇಳಲೇಬೇಕು. ಇದನ್ನು ಓದಿ ಬೆಳೆಯುವವರು ಬೇರೆಲ್ಲ ಮರೆತರೂ ಇದನ್ನು ಮರೆಯಬಾರದು.

ಮೊದಲನೇ ವರ್ಷ, ಫೆಬ್ರವರಿ. ರಾತ್ರಿ ಸೋನೆ ಹಿಡಿದಿತ್ತು. ಬೆಳಗ್ಗೆ ಆರಕ್ಕೆ ಒದ್ದೆ ಸೊಪ್ಪನ್ನೇ ಕೊಯ್ದು ತಂದು, ಇನ್ನೂ ಒಣಹುಲ್ಲು ಹಾಕಿರಲಿಲ್ಲ, ಹಸಿದ ಹಸುಗಳ ಮುಂದೆ ಸುರಿದೆ. ಚೆನ್ನಾಗಿ ತಿಂದವು. ಡೇರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಅಮ್ಮ ಬಾಗಿಲಲ್ಲೇ ನಿಂತಿದ್ದರು. "ಲೋ, ಗೌರಿ ಎಡಪಕ್ಕೆ ನೋಡೋ, ತಮಟೆ ಆಗಿದೆ." ನಿಜಕ್ಕೂ ತಮಟೆಯೇ. ಬೆರಳಲ್ಲಿ ತಟ್ಟಿದರೆ ಡಬ್ ಡಬ್ ಅನ್ನುತ್ತಿತ್ತು. ನಾಲಿಗೆ ಹೊರಗೆ, ಉಸಿರಿಗೆ ಒದ್ದಾಟ, ಮೆಲುಕು ಇಲ್ಲ. ಡಾಕ್ಟರ್ ಬರುವವರೆಗೆ ಅವರು ಫೋನಿನಲ್ಲಿ ಹೇಳಿದ ಹಾಗೆ ಮುಂಗಾಲು ಎತ್ತರದಲ್ಲಿರುವಂತೆ ದಿಬ್ಬದ ಮೇಲೆ ನಿಲ್ಲಿಸಿದೆವು. ಅವರು ಬಂದವರೇ ಎಣ್ಣೆ ಕುಡಿಸಿ, ನಾಳ ಹಾಕಿ ಗಾಳಿ ಬಿಡಿಸಿದರು. ಮುಕ್ಕಾಲು ಗಂಟೆ ಕಳೆದ ಮೇಲೆ ಗೌರಿ ತೇಗಿತು. ಅವತ್ತು ಅಮ್ಮ ಮಧ್ಯಾಹ್ನದವರೆಗೆ ಊಟ ಮಾಡಲಿಲ್ಲ.

ಆಗಿದ್ದು ಇಷ್ಟೇ. ಎಳೆ ಸೊಪ್ಪಿನ ಪ್ರೋಟೀನ್ ಹೊಟ್ಟೆಯಲ್ಲಿ ನೊರೆ ಕಟ್ಟುತ್ತದೆ. ಗಾಳಿ ಆ ನೊರೆಯೊಳಗೆ ಸಿಕ್ಕಿಕೊಂಡು ತೇಗಿನಲ್ಲಿ ಹೊರಗೆ ಬರುವುದಿಲ್ಲ. ಎಣ್ಣೆ ಆ ನೊರೆ ಒಡೆಯುತ್ತದೆ. ಅವತ್ತಿನಿಂದ ನಮ್ಮ ಮನೆಯ ಕ್ರಮ ಬದಲಾಯಿತು. ಸೊಪ್ಪು ಕೊಯ್ಯುವುದು ಮಧ್ಯಾಹ್ನ, ಇಬ್ಬನಿ ಮಳೆ ಎರಡೂ ಇಲ್ಲದಾಗ. ಕೊಟ್ಟಿಗೆಯ ನೆರಳಲ್ಲಿ ಮೂರು ನಾಲ್ಕು ಗಂಟೆ ಹರಡಿ ಬಾಡಿಸುತ್ತೇವೆ. ಹಸುವಿಗೆ ಮೊದಲು ರಾಗಿ ಹುಲ್ಲು. ಆಮೇಲೆ ಈ ಸೊಪ್ಪನ್ನು ನೇಪಿಯರ್ ಜೊತೆ ಕತ್ತರಿಸಿ ಬೆರೆಸಿ, ಒಂದು ಹಸುವಿಗೆ ದಿನಕ್ಕೆ 8 ಕೆ.ಜಿ. ಮಾತ್ರ, ಎರಡು ಸಲಕ್ಕೆ. ಹೊಸದಾಗಿ ಶುರು ಮಾಡುವವರು ಒಂದು ಕೆ.ಜಿ.ಯಿಂದ ಶುರು ಮಾಡಿ ಹತ್ತು ದಿನದಲ್ಲಿ ಏರಿಸಿ. ಆಮೇಲೆ ಒಂದು ಸಲವೂ ಹೊಟ್ಟೆ ಉಬ್ಬರ ಬಂದಿಲ್ಲ.

ಲಾಭದ ಲೆಕ್ಕ. 6ರಿಂದ 8 ಕೆ.ಜಿ. ಕುದುರೆ ಮೆಂತ್ಯದಂಥ ಹಸಿ ದ್ವಿದಳ ಮೇವು ಒಂದು ಕೆ.ಜಿ. ಫೀಡ್‌ಗೆ ಸಮ ಅನ್ನುತ್ತಾರೆ. ನಮ್ಮ ಕೊಟ್ಟಿಗೆಯಲ್ಲೂ ಹೆಚ್ಚುಕಮ್ಮಿ ಅದೇ ಆಯಿತು. ನಾಲ್ಕು ಹಸುವಿಗೆ ಸೇರಿ ದಿನಕ್ಕೆ ನಾಲ್ಕು ಕೆ.ಜಿ. ಫೀಡ್ ಇಳಿಸಿದೆ, ಹಾಲು ಇಳಿಯಲಿಲ್ಲ. ತಿಂಗಳಿಗೆ 13 ಮೂಟೆ ಬರುತ್ತಿದ್ದ ಕಡೆ 11 ಸಾಕಾಯಿತು. 8.2ರಲ್ಲಿ ಒದ್ದಾಡುತ್ತಿದ್ದ ಎಸ್‌ಎನ್‌ಎಫ್ (ಹಾಲಿನಲ್ಲಿ ನೀರು, ಕೊಬ್ಬು ಬಿಟ್ಟು ಉಳಿಯುವ ಗಟ್ಟಿ ಅಂಶ) ಎರಡು ತಿಂಗಳಲ್ಲಿ 8.5ಕ್ಕೆ ಬಂತು. ಖನಿಜ ಮಿಶ್ರಣ ನಿಲ್ಲಿಸಿಲ್ಲ. ಈ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಇದ್ದಷ್ಟು ರಂಜಕ ಇಲ್ಲ. ಇನ್ನೊಂದು ಮಾತು: ಕರು ಹಾಕುವುದಕ್ಕೆ ಮೂರು ವಾರ ಇರುವ ಹಸುವಿಗೆ ಇದನ್ನು ನಿಲ್ಲಿಸುತ್ತೇನೆ. ಆಗ ಕ್ಯಾಲ್ಸಿಯಂ ಜಾಸ್ತಿ ತಿಂದರೆ ಈದ ಮೇಲೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯುವ ಹಾಲು ಜ್ವರ ಬರುವ ಭಯ ಇರುತ್ತದೆ. ಅಮ್ಮ ತನ್ನ ನಾಟಿ ಕೋಳಿಗೂ ಒಂದು ಹಿಡಿ ಹಾಕುತ್ತಾರೆ. ಮೊಟ್ಟೆಯ ಭಂಡಾರ ಎಷ್ಟು ಹಳದಿ ಆಗಿದೆ ಅಂತ ಬಂದವರಿಗೆಲ್ಲ ಒಡೆದು ತೋರಿಸುತ್ತಾರೆ.

ನೀರು ಕಡಿಮೆ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ತಿಂಗಳು ತಿಂಗಳು ಕೊಯ್ಯಬೇಕು ಅಂದರೆ ನೀರು ಬೇಕೇ ಬೇಕು. ಆದರೆ ಬೇರು ಆಳಕ್ಕೆ ಇಳಿದಿರುವುದರಿಂದ ಬೇಗ ಸಾಯಲ್ಲ. ಒಂದು ಏಪ್ರಿಲ್‌ನಲ್ಲಿ ಬೋರ್ ಸೊರಗಿ ಇಪ್ಪತ್ತು ದಿನ ನೀರು ಕೊಡಲಾಗಲಿಲ್ಲ. ನೇಪಿಯರ್ ಗರಿ ಸುಟ್ಟುಕೊಂಡಿತು. ಇದು ಬೆಳೆಯುವುದು ನಿಲ್ಲಿಸಿ ಹಾಗೇ ಕೂತಿತ್ತು. ನೀರು ಬಿಟ್ಟ ನಾಲ್ಕನೇ ದಿನ ಬುಡದಲ್ಲಿ ಚಿಗುರು ಕಂಡಿತು.

ಮೂರನೇ ವರ್ಷದ ಕೊನೆಗೆ ಅಲ್ಲಲ್ಲಿ ಗಿಡ ಹೋಗಿ ಖಾಲಿ ಬಿತ್ತು. ಆ ಜಾಗಕ್ಕೆ ಹೊಸ ಬೀಜ ಉದುರಿಸಿದೆ. ಮೊಳಕೆ ಬಂತು, ಬೆಳೆಯಲಿಲ್ಲ, ಕುಂಟುತ್ತಾ ಸತ್ತಿತು. ಹಳೆ ಗಿಡ ಮಣ್ಣಿಗೆ ಬಿಡುವ ಪದಾರ್ಥ ತನ್ನದೇ ಜಾತಿಯ ಮೊಳಕೆಯನ್ನು ಬೆಳೆಯಲು ಬಿಡಲ್ಲ ಅಂತ ಆಮೇಲೆ ತಿಳಿಯಿತು. ಹಾಗಾಗಿ ಪಕ್ಕದ ತಾಕಿನಲ್ಲಿ 2023ರ ಅಕ್ಟೋಬರ್‌ಗೆ ಹೊಸದಾಗಿ ಬಿತ್ತಿ, ಹಳೆಯದನ್ನು ಮುಂದಿನ ಬೇಸಿಗೆಯಲ್ಲಿ ಉತ್ತು ಹಾಕಿದೆ. ಬೇರು ಹೆಬ್ಬೆರಳು ದಪ್ಪ ಇತ್ತು, ನೇಗಿಲಿಗೆ ಕಟಕಟ ಅಂತ ಮುರಿಯುತ್ತಿತ್ತು.

ಮಳೆ ಬಿದ್ದ ಮೇಲೆ ಅಲ್ಲಿ ಜಿಪಿಯು-28 ರಾಗಿ ಹಾಕಿದೆ. ಅಭ್ಯಾಸಬಲದಿಂದ ಅರ್ಧ ತಾಕಿಗೆ ಎಂದಿನ ಹಾಗೆ ಯೂರಿಯಾ ಕೊಟ್ಟೆ. ಅಷ್ಟರಲ್ಲಿ ಮೂಟೆ ಮುಗಿಯಿತು, ಉಳಿದರ್ಧಕ್ಕೆ ಕೊಡಲಿಲ್ಲ. ಯೂರಿಯಾ ಕೊಟ್ಟ ಕಡೆ ಪೈರು ಕಪ್ಪು ಹಸಿರಾಗಿ ಎತ್ತರ ಹೋಗಿ, ತೆನೆ ಕಟ್ಟುವಾಗ ಒಂದು ಗಾಳಿಮಳೆಗೆ ಮಲಗಿಬಿಟ್ಟಿತು. ಕೊಡದೇ ಇದ್ದ ಕಡೆ ಪೈರು ನೆಟ್ಟಗೆ ನಿಂತು, ತೆನೆ ಮುಷ್ಟಿ ಕಟ್ಟಿತ್ತು. ಮೂರು ವರ್ಷ ಆ ಗುಲಾಬಿ ಗಂಟು ಕೂಡಿಟ್ಟಿದ್ದು ರಾಗಿಗೆ ಸಿಕ್ಕಿತ್ತು. ಕುಯ್ಲಿಗೆ ಬಂದ ಆಳುಗಳು ಕೂಡ ಎರಡೂ ಕಡೆ ನೋಡಿ, "ಒಂದೇ ಬೀಜಾನಾ ಇದು?" ಅಂತ ಕೇಳಿದರು.

ಈಗಿನ ತಾಕಿನಲ್ಲಿ ಹನ್ನೆರಡನೇ ಮಡಿಯ ಮೂಲೆಯಲ್ಲಿ ಕಳೆದ ವಾರ ಮತ್ತೆ ಒಂದು ಹಳದಿ ಎಳೆ ಕಂಡಿತು. ಬೀಜದ್ದೋ, ಹಾಕಿದ ಗೊಬ್ಬರದ್ದೋ ಗೊತ್ತಿಲ್ಲ. ಈ ಸಲ ತಡ ಮಾಡಲಿಲ್ಲ. ಅದು ಹೂ ಬಿಡುವ ಮುಂಚೆ, ಸುತ್ತ ಎರಡು ಅಡಿ ಗಿಡವನ್ನೂ ಸೇರಿಸಿ ನೆಲಮಟ್ಟಕ್ಕೆ ಕೊಯ್ದು, ಅಲ್ಲೇ ಒಣಹುಲ್ಲು ಹಾಕಿ ಸುಟ್ಟೆ. ನಿನ್ನೆ ಹೋಗಿ ನೋಡಿದೆ. ಬೂದಿಯ ನಡುವೆ ಮೂರೆಲೆಯ ಚಿಗುರು ಎದ್ದಿತ್ತು, ಹಳದಿ ದಾರ ಎಲ್ಲೂ ಇರಲಿಲ್ಲ.