ಒಸಾಕಾದಲ್ಲಿ ಫುಡ್ ಟೂರ್: ನಮ್ಮ ಕೊಡಗಿನವರಿಗೆ ಒಂದಿಷ್ಟು ಕಿವಿಮಾತು

ಮಡಿಕೇರಿಯಿಂದ ಜಪಾನಿಗೆ ಹೊರಟವರಿಗೆ ನಾನು ಹೇಳುವುದಿಷ್ಟು: ಒಸಾಕಾದಲ್ಲಿ ಗೈಡ್ ಜೊತೆ ಸಂಜೆಯ ಫುಡ್ ಟೂರ್ ಹಿಡಿಯಿರಿ. ಮಧ್ಯಾಹ್ನ ಕಮ್ಮಿ ತಿನ್ನಿ.

ಅಲ್ಲಿನ ತಿಂಡಿ ಅಂಗಡಿಗಳ ಬೀದಿ ದೋತೊಂಬೊರಿಯಲ್ಲಿ ತಾಕೊಯಾಕಿ ಮಾಡುವುದನ್ನು ನಿಂತು ನೋಡಿ. ನಮ್ಮ ಪಡ್ಡಿನ ಕಾವಲಿಯಂಥದ್ದೇ. ಹಿಟ್ಟು ಹೊಯ್ದು, ಆಕ್ಟೋಪಸ್ ತುಂಡು ಹಾಕಿ, ಕಡ್ಡಿಯಲ್ಲಿ ಸರಸರ ತಿರುಗಿಸುತ್ತಾರೆ. ಒಳಗೆ ಸುಡುಸುಡು ಇರುತ್ತದೆ, ಒಡೆದು ಆವಿ ಹೋದ ಮೇಲೆ ತಿನ್ನಿ.

ಕುಶಿಕಾತ್ಸು (ಕಡ್ಡಿಗೆ ಚುಚ್ಚಿ ಕರಿದ ಮಾಂಸ, ತರಕಾರಿ) ಅಂಗಡಿಯಲ್ಲಿ ಎಲ್ಲರಿಗೂ ಒಂದೇ ಸಾಸ್ ಇಟ್ಟಿದ್ದರೆ ಒಮ್ಮೆ ಮಾತ್ರ ಅದ್ದಿ. ಕಚ್ಚಿದ್ದನ್ನು ಮತ್ತೆ ಅದ್ದುವಂತಿಲ್ಲ. ಎಂಜಲು ಅಲ್ವಾ!

ಪಂದಿ ಕರಿ ತಿನ್ನುವವರಿಗೆ ಹಂದಿ ಮೂಳೆಯ ಸಾರಿನ ನೂಡಲ್ಸ್, ಅಂದರೆ ತೊಂಕೊತ್ಸು ರಾಮೆನ್ ಹಿಡಿಸುತ್ತದೆ. ಖಾರ ಮಾತ್ರ ಜಾಸ್ತಿ ನಿರೀಕ್ಷಿಸಬೇಡಿ. ಸೊರ್ ಅಂತ ಹೀರಿದರೂ ಯಾರೂ ಏನೂ ಅನ್ನುವುದಿಲ್ಲ.

ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿಬಿಡಿ. ತರಕಾರಿ ಅಡುಗೆಯಲ್ಲೂ ಒಣಮೀನಿನ ದಾಶಿ ಸಾರು ಇರಬಹುದು.